ನನಗೂ ಒಂದು ತಂಡವಿದೆ

‘ನಿಮ್ಮ ಯಜಮಾನರಿಗೆ ಆಟದ ಹುಚ್ಚು ಜಾಸ್ತೀನಾ?’

ನಮ್ಮ ಮನೆಗೆ ಬಂದವರು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ನೀಲಿ ಟೋಪಿಯನ್ನು ನೋಡಿ, ತಪ್ಪದೆ ಕೇಳುವ ಪ್ರಶ್ನೆ ಇದು. ನಮ್ಮ ಯಜಮಾನರಿಗೆ ಆಟಪಾಟಗಳೆಂದರೆ ಅಷ್ಟಕ್ಕಷ್ಟೆ. ಭಾನುವಾರದ ಪೇಪರು, ಎರಡು ಲೋಟ ಕಾಫಿ, ಮಧ್ಯಾಹ್ನ ಒಂದು ನಿದ್ದೆ, ಇಷ್ಟಾದರೆ ಅವರ ವಾರ ಸಾರ್ಥಕ. ಟೋಪಿ ನನ್ನದು. ಹಾಗೆಂದು ಹೇಳಿದ ಕೂಡಲೇ ಬಂದವರ ಮುಖದಲ್ಲಿ ಒಂದು ತೆಳು ನಗೆ ಹಾದುಹೋಗುತ್ತದೆ. ಅರವತ್ತು ದಾಟಿದ ಹೆಂಗಸು, ಕಿಟಕಿಯ ಕುಂಡದಲ್ಲಿ ತುಳಸಿ ಬೆಳೆಸಿಕೊಂಡು ಇರುವವಳು, ಇವಳಿಗೇನು ಬಂತು ಎನ್ನುವ ನಗೆ. ಆ ನಗೆಯ ಜೊತೆ ನನಗೊಂದು ಹಳೆಯ ಜಗಳವಿದೆ. ಅದನ್ನು ಇಲ್ಲಿ ತೀರಿಸಿಕೊಳ್ಳುತ್ತೇನೆ.

ಯೋಚಿಸಿ ನೋಡಿ. ಗಂಡಸು ತಂಡವೊಂದಕ್ಕಾಗಿ ನಿದ್ದೆಗೆಟ್ಟರೆ ಅದಕ್ಕೆ ಅಭಿಮಾನ ಎಂದು ಹೆಸರು. ತಂಡ ಸೋತ ರಾತ್ರಿ ಅವನು ಊಟದ ತಟ್ಟೆ ಸರಿಸಿದರೆ ಮನೆಮಂದಿಯೆಲ್ಲ ದನಿ ತಗ್ಗಿಸಿ ಓಡಾಡುತ್ತಾರೆ, ‘ಪಾಪ, ಬೇಜಾರಲ್ಲಿದ್ದಾರೆ’ ಎನ್ನುತ್ತಾರೆ. ಅದನ್ನೇ ಹೆಂಗಸು ಮಾಡಿದರೆ ಹುಚ್ಚು. ನಾವು ಏನೇನನ್ನು ಪ್ರೀತಿಸಬಹುದು ಎಂಬ ಪಟ್ಟಿ ನಾವು ಹುಟ್ಟುವ ಮೊದಲೇ ತಯಾರಾಗಿರುತ್ತದೆ. ದೇವರು, ಗಂಡ, ಮಕ್ಕಳು, ತವರು, ಸೀರೆ, ಒಂದಿಷ್ಟು ಧಾರಾವಾಹಿ. ಇವನ್ನು ಎಷ್ಟು ಪ್ರೀತಿಸಿದರೂ ಯಾರೂ ಲೆಕ್ಕ ಕೇಳುವುದಿಲ್ಲ. ಪಟ್ಟಿಯಿಂದಾಚೆ ಕೈ ಚಾಚಿದರೆ ಮಾತ್ರ ‘ಇದರಿಂದ ಏನು ಉಪಯೋಗ?’ ಎಂಬ ಪ್ರಶ್ನೆ ಏಳುತ್ತದೆ.

ನಾನು ಹಾಸನದಲ್ಲಿ ಮೂವರು ಅಣ್ಣಂದಿರ ಜೊತೆ ಬೆಳೆದವಳು. 1974ರಲ್ಲಿ ನಮ್ಮ ರಾಜ್ಯದ ಕ್ರಿಕೆಟ್ ತಂಡ, ರಣಜಿ ಟ್ರೋಫಿಯನ್ನು ಸತತ 15 ವರ್ಷ ಗೆದ್ದಿದ್ದ ಬೊಂಬಾಯಿಯನ್ನು ಸೆಮಿಫೈನಲ್ಲಿನಲ್ಲಿ ಮಣಿಸಿತಲ್ಲ, ಆ ದಿನ ನಮ್ಮ ನಡುಮನೆಯಲ್ಲಿ ಹಬ್ಬ. ಟ್ರಾನ್ಸಿಸ್ಟರಿನ ಸುತ್ತ ಅಪ್ಪ, ಅಣ್ಣಂದಿರು, ಬೀದಿಯ ಅರ್ಧ ಗಂಡಸರು. ಅಮ್ಮ ಕಾಫಿ ಬೆರೆಸುತ್ತಿದ್ದಳು, ನಾನು ಸಾಗಿಸುತ್ತಿದ್ದೆ. ಪ್ರಸನ್ನ ಅವರು ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಸುದ್ದಿ ನನಗೆ ಸಿಕ್ಕಿದ್ದು ಬಚ್ಚಲ ಬಳಿ ಲೋಟ ತೊಳೆಯುವಾಗ, ಎರಡನೆಯ ಅಣ್ಣನ ಬಾಯಿಂದ. ಎರಡೇ ವರ್ಷಕ್ಕೆ, 1976ರಲ್ಲಿ, ನಮ್ಮ ಶಾಂತಾ ರಂಗಸ್ವಾಮಿ ಭಾರತದ ಮಹಿಳಾ ತಂಡದ ಮೊಟ್ಟಮೊದಲ ಟೆಸ್ಟಿನಲ್ಲಿ, ಅದೂ ಬೆಂಗಳೂರಿನಲ್ಲೇ, ನಾಯಕಿಯಾಗಿ ಕಣಕ್ಕಿಳಿದರು. ಆ ದಿನ ನಮ್ಮ ಮನೆಯ ಟ್ರಾನ್ಸಿಸ್ಟರ್ ಸುಮ್ಮನಿತ್ತು.

ಮದುವೆಯಾಗಿ ನಾನು ಶಿಕಾಗೊಗೆ ಬಂದದ್ದು 1989ರ ಏಪ್ರಿಲ್‌ನಲ್ಲಿ. ಅದನ್ನು ಇಲ್ಲಿ ವಸಂತ ಎನ್ನುತ್ತಾರೆ. ನನಗಂತೂ ಅದು ಕಂಬಳಿ ಬಿಟ್ಟು ಏಳಲಾಗದ ಚಳಿ. ಇವರು ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ರಾತ್ರಿ ಏಳಕ್ಕೆ. ನಡುವಿನ ಹನ್ನೆರಡು ಗಂಟೆ ನಾನು ಮತ್ತು ಗೋಡೆ. ಆಗ ಪಕ್ಕದ ಮನೆಯಿಂದ, ಮಧ್ಯಾಹ್ನ ಒಂದೂಕಾಲಿನ ಸುಮಾರಿಗೆ, ರೇಡಿಯೋ ದನಿ ಕೇಳತೊಡಗುತ್ತಿತ್ತು. ಅಲ್ಲಿ ಒಬ್ಬ ಅಜ್ಜಿ ಒಬ್ಬಳೇ ಇದ್ದಳು. ಒಂದು ದಿನ ಅವಳೇ ಬಾಗಿಲು ತಟ್ಟಿ, ರೇಡಿಯೋ ಸದ್ದಿನಿಂದ ತೊಂದರೆ ಆಗುತ್ತಿದೆಯೇ ಎಂದು ಕೇಳಿದಳು. ಇಲ್ಲ, ಆದರೆ ಅದರಲ್ಲಿ ಅವರು ಏನು ಹೇಳುತ್ತಿದ್ದಾರೆ ಎಂದು ನಾನು ಕೇಳಿದೆ. ಆ ಒಂದು ಪ್ರಶ್ನೆಗೆ ಉತ್ತರ ಹೇಳಲು ಅವಳಿಗೆ ಹದಿನೆಂಟು ವರ್ಷ ಬೇಕಾಯಿತು.

ಹಾಗೆ ನನಗೆ ಒದಗಿದ ತಂಡ ಶಿಕಾಗೊ ಕಬ್ಸ್. ಕಬ್ಸ್ ಎಂದರೆ ಕರಡಿಮರಿಗಳು. ಬೇಸ್‌ಬಾಲ್ ತಂಡ. ಇವರ ಮೈದಾನ ರಿಗ್ಲಿ ಫೀಲ್ಡ್, 1914ರಲ್ಲಿ ಕಟ್ಟಿದ್ದು, ಒಳಗಿನ ಇಟ್ಟಿಗೆ ಗೋಡೆಗೆ 1937ರಲ್ಲಿ ಹಬ್ಬಿಸಿದ ಬಳ್ಳಿ ಇಂದಿಗೂ ಇದೆ. ದೇಶದ ಉಳಿದ ತಂಡಗಳೆಲ್ಲ ದೀಪ ಹಾಕಿಕೊಂಡು ರಾತ್ರಿ ಆಡತೊಡಗಿ ದಶಕಗಳು ಕಳೆದಿದ್ದರೂ ರಿಗ್ಲಿ ಫೀಲ್ಡಿಗೆ 1988ರ ಆಗಸ್ಟ್‌ವರೆಗೆ ದೀಪ ಬಂದಿರಲಿಲ್ಲ. ಬಂದ ಮೇಲೂ ಬಹಳ ವರ್ಷ ಹೆಚ್ಚಿನ ಆಟಗಳು ಹಗಲಲ್ಲೇ ನಡೆದವು. ಇದರ ಪರಿಣಾಮ ಏನಾಯಿತೆಂದು ಯಾವ ಪಂಡಿತನಿಗಿಂತ ಚೆನ್ನಾಗಿ ಗೃಹಿಣಿಯರಿಗೆ ಗೊತ್ತು. ಕಬ್ಸ್ ಆಟ ಕೇಳಲು, ನೋಡಲು ಸಿಗುತ್ತಿದ್ದದ್ದು ಹಗಲು ಮನೆಯಲ್ಲಿರುವವರಿಗೆ. ಬಟ್ಟೆ ಮಡಚುವ ಹೆಂಗಸರು, ಪಿಂಚಣಿ ಪಡೆಯುವ ಮುದುಕರು, ಹಾಸಿಗೆ ಹಿಡಿದವರು, ಶಾಲೆ ಬಿಟ್ಟು ಓಡಿ ಬಂದ ಮಕ್ಕಳು. ಊರಿನ ಲೆಕ್ಕದಲ್ಲಿ ‘ಕೆಲಸವಿಲ್ಲದವರು’ ಎನಿಸಿಕೊಂಡವರೇ ಈ ತಂಡದ ಬೆನ್ನೆಲುಬು. ಆಟವೆಂದರೆ ಗಂಡಸರ ಸೊತ್ತು ಎನ್ನುವವರು ಆ ಮಧ್ಯಾಹ್ನಗಳಲ್ಲಿ ಎಲ್ಲಿದ್ದರು ಸ್ವಾಮೀ? ಆಫೀಸಿನಲ್ಲಿ. ತಂಡವನ್ನು ಕಾಯ್ದುಕೊಂಡವರು ನಾವು.

ಅಜ್ಜಿ ನನಗೆ ಮೊದಲು ಕಲಿಸಿದ್ದು ಆಟದ ನಿಯಮವನ್ನಲ್ಲ, ಲೆಕ್ಕ ಬರೆಯುವುದನ್ನು. ಉದ್ದನೆಯ ಪುಸ್ತಕ, ಒಂಬತ್ತು ಆಟಗಾರರಿಗೆ ಒಂಬತ್ತು ಸಾಲು, ಒಂಬತ್ತು ಇನ್ನಿಂಗ್ಸಿಗೆ ಒಂಬತ್ತು ಮನೆ. ಯಾರು ಹೊಡೆದ, ಚೆಂಡು ಯಾರ ಕೈಗೆ ಹೋಯಿತು, ಅಲ್ಲಿಂದ ಯಾರಿಗೆ, ಎಲ್ಲಕ್ಕೂ ಅಂಕಿಗಳಿವೆ. ಬೀಸಿ ತಪ್ಪಿ ಔಟಾದವನ ಮನೆಯಲ್ಲಿ ಇಂಗ್ಲಿಷಿನ ‘ಕೆ’ ಅಕ್ಷರ; ಬೀಸದೆ ಬೊಂಬೆಯಂತೆ ನಿಂತು ಔಟಾದವನಿಗೆ ಅದೇ ಅಕ್ಷರ ಹಿಂದುಮುಂದಾಗಿ. ನಮ್ಮಮ್ಮ ಹಾಲಿನವನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು: ಬಂದ ದಿನ ಗೀಟು, ಬಾರದ ದಿನ ಸೊನ್ನೆ, ನೀರು ಬೆರೆಸಿದ ದಿನ ಗೀಟಿನ ಮೇಲೆ ಒಂದು ಚುಕ್ಕೆ. ಹಾಗಾಗಿ ಈ ವಿದ್ಯೆ ನನಗೆ ಹೊಸದೆನಿಸಲಿಲ್ಲ. ಈ ಪುಸ್ತಕಗಳು ನನ್ನ ಹತ್ತಿರ ಈಗ ಒಂದು ಟ್ರಂಕು ತುಂಬ ಇವೆ. 1993ರ ಯಾವುದೋ ಮಂಗಳವಾರ ನಾನು ಏನು ಮಾಡುತ್ತಿದ್ದೆ ಎಂದು ಕೇಳಿದರೆ ತೆಗೆದು ನೋಡಿ ಹೇಳಬಲ್ಲೆ. ಅಂಚಿನಲ್ಲಿ ‘ಮಗುವಿಗೆ ಜ್ವರ 101’ ಎಂದೋ ‘ಅಮ್ಮನ ಕಾಗದ ಬಂತು’ ಎಂದೋ ಇರುತ್ತದೆ.

ಮೈದಾನಕ್ಕೆ ಹೋದಾಗ ಈ ಪುಸ್ತಕ ತೊಡೆಯ ಮೇಲಿರುವಂತೆಯೇ ಪಕ್ಕದ ಸೀಟಿನ ಗಂಡಸೊಬ್ಬರು ನನ್ನ ಕಡೆ ಬಾಗಿ, ‘ಮೂರು ಸಲ ತಪ್ಪಿದರೆ ಔಟು, ಗೊತ್ತಾಯಿತೇ?’ ಎಂದು ತಿಳಿಸಿಕೊಡುವುದುಂಟು. ಒಬ್ಬರಲ್ಲ, ಇಷ್ಟು ವರ್ಷದಲ್ಲಿ ಇಪ್ಪತ್ತು ಮಂದಿಯಾದರೂ ಇದ್ದಾರು. ನಾನು ‘ಹೌದೇ!’ ಎನ್ನುತ್ತೇನೆ. ಕಲಿಸುವ ಸುಖ ಅವರಿಗೂ ಇರಲಿ.

ಲೆಕ್ಕದ ಪುಸ್ತಕದಿಂದಲೇ ಬೆಳೆದ ಒಬ್ಬ ದೊಡ್ಡ ಹೆಂಗಸಿನ ಕಥೆ ಹೇಳಬೇಕು. ಡೊರಿಸ್ ಕರ್ನ್ಸ್ ಗುಡ್‌ವಿನ್ ಅಮೆರಿಕದ ಅಧ್ಯಕ್ಷರುಗಳ ಚರಿತ್ರೆ ಬರೆದು 1995ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಚಿಕ್ಕವರಿದ್ದಾಗ ನ್ಯೂಯಾರ್ಕಿನ ಬ್ರೂಕ್ಲಿನ್ ಡಾಜರ್ಸ್ ಎಂಬ ತಂಡವೆಂದರೆ ಪ್ರಾಣ. ತಂದೆ ಆರು ವರ್ಷದ ಮಗಳ ಕೈಗೆ ಲೆಕ್ಕದ ಪುಸ್ತಕ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಮಗಳು ಹಗಲೆಲ್ಲ ರೇಡಿಯೋ ಕೇಳಿ ಬರೆದಿಟ್ಟು, ಸಂಜೆ ತಂದೆ ಬಂದಾಗ ಆಟವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಬೇಕು. ಕೊನೆಗೆ ಗೆದ್ದವರು ಯಾರೆಂದು ಮೊದಲೇ ಬಾಯಿಬಿಟ್ಟರೆ ಕಥೆ ಕೆಟ್ಟಿತು, ತಡೆದಿಟ್ಟರೆ ತಂದೆ ಕೂತು ಕೇಳುತ್ತಾರೆ ಎನ್ನುವುದನ್ನು ಅಲ್ಲಿ ಕಲಿತೆ ಎಂಬ ಅರ್ಥದಲ್ಲಿ 1997ರ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಚರಿತ್ರೆ ಹೇಳುವ ಕಲೆ ಅವರಿಗೆ ಹತ್ತಿದ್ದು ಹಾಗೆ. ನಮ್ಮ ಹೆಣ್ಣುಮಕ್ಕಳಿಗೆ ಎಷ್ಟು ಮನೆಗಳಲ್ಲಿ ಅಪ್ಪ ಸಂಜೆ ಬಂದು ‘ಇವತ್ತೇನಾಯಿತು, ವಿವರವಾಗಿ ಹೇಳು’ ಎಂದು ಎದುರು ಕೂತದ್ದಿದೆ?

ಅದೇ ಬ್ರೂಕ್ಲಿನ್ ತಂಡಕ್ಕೆ ಹಿಲ್ಡಾ ಚೆಸ್ಟರ್ ಎಂಬ ಅಭಿಮಾನಿ ಇದ್ದಳು. ಓದು ಕಡಿಮೆ, ಹಣ ಇನ್ನೂ ಕಡಿಮೆ, ಗಂಟಲು ಮಾತ್ರ ನಗಾರಿ. ಅಗ್ಗದ ಸೀಟುಗಳಲ್ಲಿ ಕೂತು ಅವಳು ಕೂಗಿದರೆ ಇಡೀ ಎಬೆಟ್ಸ್ ಫೀಲ್ಡಿಗೆ ಕೇಳುತ್ತಿತ್ತಂತೆ. ಹೃದಯಾಘಾತವಾಗಿ ವೈದ್ಯರು ಕೂಗುವುದನ್ನು ನಿಷೇಧಿಸಿದಾಗ ಬಾಣಲೆ, ಸೌಟು ಹಿಡಿದು ಬಂದಳು. ಆಮೇಲೆ ಆಟಗಾರರೇ ಅವಳಿಗೊಂದು ಹಸುವಿನ ಕೊರಳ ಗಂಟೆ ಕೊಡಿಸಿದರು. ಅವಳ ಬಗ್ಗೆ ಒಂದು ಕಥೆ ಪ್ರಸಿದ್ಧವಾಗಿದೆ: ಆಟದ ನಡುವೆ ಒಬ್ಬ ಆಟಗಾರನ ಕೈಯಲ್ಲಿ ಚೀಟಿ ಕಳಿಸಿದಳು, ಇಂಥ ಬೌಲರನ್ನು ತಯಾರು ಮಾಡಿ ಎಂದು. ಮ್ಯಾನೇಜರ್ ಅದು ಮಾಲೀಕರ ಕಡೆಯ ಚೀಟಿ ಎಂದುಕೊಂಡು ಬೌಲರನ್ನು ಬದಲಾಯಿಸಿಯೇ ಬಿಟ್ಟ. ಅಡುಗೆಮನೆಯ ಪಾತ್ರೆಯನ್ನು ನಮ್ಮ ಮೇಲೆ ಹೊರಿಸಿದವರ ಎದುರು ಅದನ್ನೇ ನಗಾರಿ ಮಾಡಿ ಬಾರಿಸಿದ ಈ ಹೆಂಗಸಿನ ಮೇಲೆ ನನಗೆ ಬಹಳ ಮರ್ಯಾದೆ.

ಇನ್ನು ಆಡುವ ಹೆಂಗಸರ ವಿಷಯ. 1943ರಲ್ಲಿ, ಗಂಡಸರು ಯುದ್ಧಕ್ಕೆ ಹೋದಾಗ, ಕಬ್ಸ್ ತಂಡದ ಒಡೆಯ ಫಿಲಿಪ್ ರಿಗ್ಲಿ ಹೆಣ್ಣುಮಕ್ಕಳ ಲೀಗ್ ಒಂದನ್ನು ಹುಟ್ಟುಹಾಕಿದ. ಕೊನೆಯ ಸುತ್ತಿನ ಆಯ್ಕೆ ನಡೆದದ್ದು ಇದೇ ರಿಗ್ಲಿ ಫೀಲ್ಡಿನಲ್ಲಿ. 1954ರವರೆಗೆ 600ಕ್ಕೂ ಹೆಚ್ಚು ಹೆಣ್ಣುಮಕ್ಕಳು ಅದರಲ್ಲಿ ಆಡಿದರು. ಆದರೆ ಆಡಬೇಕಾದದ್ದು ಗಿಡ್ಡ ಲಂಗದಲ್ಲಿ. ನೆಲಕ್ಕೆ ಜಾರಿ ಬೀಳುವ ಆಟ ಇದು. ತೊಡೆಯ ಚರ್ಮ ಕಿತ್ತು ಬರುತ್ತಿತ್ತು. ತುಟಿಗೆ ಬಣ್ಣವಿಲ್ಲದೆ ಮೈದಾನಕ್ಕಿಳಿಯಬಾರದು, ಕೂದಲು ಹುಡುಗರ ಹಾಗೆ ಕತ್ತರಿಸಬಾರದು, ಸಾರ್ವಜನಿಕವಾಗಿ ಪ್ಯಾಂಟು ತೊಡಬಾರದು. ನಯನಾಜೂಕು ಕಲಿಸಲು ಪ್ರತ್ಯೇಕ ತರಗತಿ ಬೇರೆ. ಅಜ್ಜಿಗೆ ಆಗ ಹದಿನೆಂಟು ವರ್ಷ, ಕೈ ಚುರುಕು, ಓಟವೂ ಚುರುಕು. ಆಯ್ಕೆಗೆ ಹೋಗುತ್ತೇನೆಂದಾಗ ಅವಳ ಅಪ್ಪ ಲಂಗದ ಉದ್ದ ಕೇಳಿ ಬೇಡವೆಂದರು. ಈ ಸಂಗತಿ ಅವಳು ನನಗೆ ಹೇಳಿದ್ದು ಒಂದೇ ಸಲ, ಅದೂ ಬಟಾಣಿ ಬಿಡಿಸುತ್ತಾ. ಇಲ್ಲಿ ಅಮೆರಿಕ, ಅಲ್ಲಿ ಹಾಸನ ಎಂದು ನಾನು ಅಲ್ಲಿಯವರೆಗೆ ಹಾಕಿಕೊಂಡಿದ್ದ ಗೆರೆ ಅವತ್ತು ಅಳಿಸಿಹೋಯಿತು.

‘ಆದರೂ ಒಂಬತ್ತು ಜನ ಗಂಡಸರು ಓಡಾಡಿದರೆ ನಿನಗೇನು ಲಾಭ?’ ಎನ್ನುವವರಿಗೆ ಉತ್ತರ ಹೇಳಲೇಬೇಕು. ಮೊದಲಿಗೆ, ಲಾಭ ಎನ್ನುವ ಮಾತು ಕಬ್ಸ್ ಅಭಿಮಾನಿಗೆ ಹೊಂದುವುದಿಲ್ಲ. ಈ ತಂಡ 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದದ್ದು. ಆಮೇಲೆ ನೂರೆಂಟು ವರ್ಷ ಗೆಲ್ಲಲಿಲ್ಲ. 1945ರ ನಂತರ ಅಲ್ಲಿಯವರೆಗೆ ತಲುಪಿಯೂ ಇರಲಿಲ್ಲ. ಅಜ್ಜಿ 1925ರಲ್ಲಿ ಹುಟ್ಟಿ 2007ರಲ್ಲಿ ಹೋದಳು. ಅವಳ ಜೀವಮಾನದಲ್ಲಿ ಒಂದು ಸಲವೂ ಅವಳ ತಂಡ ಕಿರೀಟ ಇಟ್ಟುಕೊಳ್ಳಲಿಲ್ಲ. ಹಾಗೆಂದು ಅವಳು ಸೋತವಳಂತೆ ಬದುಕಿದ್ದನ್ನು ನಾನು ಕಾಣೆ. ವರ್ಷಕ್ಕೆ 162 ಆಟ. ಇಂದು ಸೋತರೆ ನಾಳೆ ಒಂದೂಕಾಲಿಗೆ ಮತ್ತೆ ಇದೆ. ಗಂಡ ತೀರಿಕೊಂಡ ವರ್ಷ ಬೆಳಿಗ್ಗೆ ಎದ್ದು ಮುಖ ತೊಳೆಯಲು ನನಗಿದ್ದ ಕಾರಣ ಅದೊಂದೇ ಎಂದಿದ್ದಳು. ರೇಡಿಯೋದಲ್ಲಿ ವಿವರಣೆ ಕೊಡುತ್ತಿದ್ದ ರಾನ್ ಸಾಂಟೊ ಅವಳ ಯೌವನದ ಕಾಲದ ಕಬ್ಸ್ ಆಟಗಾರ. ಸಕ್ಕರೆ ಕಾಯಿಲೆಯನ್ನು ಬಹುಕಾಲ ಮುಚ್ಚಿಟ್ಟು ಆಡಿದವನು, ಮುಂದೆ ಅದೇ ಕಾಯಿಲೆಗೆ ಎರಡೂ ಕಾಲು ಕಳೆದುಕೊಂಡವನು. ತಂಡ ಎಡವಿದಾಗ ಆತ ಮೈಕಿನ ಮುಂದೆಯೇ ನರಳುತ್ತಿದ್ದ. ಅಜ್ಜಿಗೂ ಸಕ್ಕರೆ ಕಾಯಿಲೆ. ಮೂರನೆಯ ಇನ್ನಿಂಗ್ಸಿಗೆ ಸರಿಯಾಗಿ ಸೂಜಿ ಚುಚ್ಚಿಕೊಳ್ಳುತ್ತಾ, ‘ಅವನೂ ಇದೇ ಮಾಡುತ್ತಿರುತ್ತಾನೆ’ ಎನ್ನುತ್ತಿದ್ದಳು. ಇದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ನನಗೆ ಸಿಕ್ಕಿದ್ದು ಊರು. ಕೆಲಸಕ್ಕೆ ಸೇರಿದ ಮೇಲೆ ಸಂಜೆ ರೈಲಿನಲ್ಲಿ ಬರುವಾಗ, ಮೈದಾನದ ಮೇಲೆ ಹಾರಿಸಿದ ಬಾವುಟ ಕಾಣುತ್ತದೆ: ಗೆದ್ದ ದಿನ ಬಿಳಿಯ ಬಾವುಟ, ಸೋತ ದಿನ ನೀಲಿಯದು. ಬಾವುಟ ನೋಡಿ ಇಡೀ ಡಬ್ಬಿಯ ಜನ ಒಟ್ಟಿಗೆ ನಿಟ್ಟುಸಿರು ಬಿಡುತ್ತಿದ್ದರು. ನನ್ನ ಸೀರೆ, ಕುಂಕುಮ, ಉಚ್ಚಾರ ಯಾವುದೂ ಆ ನಿಟ್ಟುಸಿರಿಗೆ ಅಡ್ಡ ಬರಲಿಲ್ಲ. ಬಸ್ ಡ್ರೈವರ್, ಮಗನ ಶಾಲೆಯ ಆಯಾ, ಹೆರಿಗೆ ಮಾಡಿಸಿದ ದಾದಿ, ಎಲ್ಲರ ಜೊತೆಗೂ ನನಗೆ ಮಾತು ಹುಟ್ಟಿದ್ದು ಈ ಸೋಲುವ ಹುಡುಗರಿಂದ.

ಇಷ್ಟು ಹೇಳಿ ನಾನು ಎದ್ದುಹೋದರೆ ಅದು ಅರ್ಧ ಸತ್ಯ. ಎದುರು ಪಕ್ಷದವರ ಹತ್ತಿರ ಗಟ್ಟಿ ವಾದಗಳೂ ಇವೆ. ತಂಡ ನಿಮ್ಮದಲ್ಲ ತಾಯಿ, ಮಾಲೀಕನದು ಎನ್ನುತ್ತಾರೆ. ನಿಜ. ಬ್ರೂಕ್ಲಿನ್ ಡಾಜರ್ಸ್ ಐದು ಸಲ ಯಾಂಕೀಸ್ ಎದುರು ಸೋತು 1955ರಲ್ಲಿ ಕೊನೆಗೂ ಗೆದ್ದಿತು. ಎರಡು ವರ್ಷವಾಗುತ್ತಿದ್ದಂತೆ, 1957ರ ಕೊನೆಗೆ, ಮಾಲೀಕ ವಾಲ್ಟರ್ ಒಮ್ಯಾಲಿ ತಂಡವನ್ನು ದೇಶದ ಆಚೆ ತುದಿಯ ಲಾಸ್ ಏಂಜಲೀಸಿಗೆ ಎತ್ತಿಕೊಂಡು ಹೋದ. 1960ರಲ್ಲಿ ಮೈದಾನವನ್ನೂ ಒಡೆದು ಹಾಕಿದರು. ಹಿಲ್ಡಾ ಗಂಟೆ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಆದರೆ ಇದರಲ್ಲಿ ತಪ್ಪು ಪ್ರೀತಿಸಿದವರದೇ? ನಮ್ಮ ಬೆಂಗಳೂರಿನಲ್ಲಿ 2025ರ ಜೂನ್ 4ರಂದು, 18 ವರ್ಷ ಕಾದು ಗೆದ್ದ ತಂಡವನ್ನು ನೋಡಲು ಹೋದವರಲ್ಲಿ 11 ಮಂದಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿಗೆ ಸಿಕ್ಕಿ ಸತ್ತರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು, ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಫೋನಿನಲ್ಲಿ ಊರಿನ ಕಡೆಯವರೊಬ್ಬರು ನನಗೆ ಹೇಳಿದರು: ‘ಹುಡುಗಿಯರಿಗೆ ಅಲ್ಲೇನು ಕೆಲಸವಿತ್ತು?’ ನನ್ನ ಮೈಯೆಲ್ಲ ಉರಿಯಿತು. ಲಕ್ಷಾಂತರ ಜನ ಬರುತ್ತಾರೆಂದು ತಿಳಿಯಬೇಕಾದವರು ತಿಳಿಯದೆ ಹೋದದ್ದು, ಬಾಗಿಲು, ದಾರಿ, ಕಾವಲು ನೋಡಿಕೊಳ್ಳಬೇಕಾದವರು ನೋಡಿಕೊಳ್ಳದೆ ಹೋದದ್ದು ಪ್ರಶ್ನೆಯೇ ಅಲ್ಲ. ಹುಡುಗಿ ಮನೆಯಿಂದ ಹೊರಟದ್ದು ಮಾತ್ರ ಪ್ರಶ್ನೆ! ಅವಳಿಗೆ ಅಲ್ಲಿ ಇದ್ದ ಕೆಲಸವೇ ಎಲ್ಲರಿಗೂ ಇದ್ದದ್ದು. ಅವಳ ತಂಡ ಗೆದ್ದಿತ್ತು.

ಅಭಿಮಾನಿಗಳೂ ಸಾಚಾ ಅಲ್ಲ ಎನ್ನುತ್ತಾರೆ. ಅದೂ ನಿಜ. 2003ರ ಅಕ್ಟೋಬರ್ 14ರಂದು ಕಬ್ಸ್ ವರ್ಲ್ಡ್ ಸೀರೀಸಿಗೆ ಐದೇ ಔಟುಗಳ ದೂರದಲ್ಲಿತ್ತು. ಅಂಚಿಗೆ ಬಂದ ಚೆಂಡಿಗೆ ಸೀಟಿನಲ್ಲಿದ್ದ ಒಬ್ಬ ಹುಡುಗ ಕೈ ಚಾಚಿದ, ಸುತ್ತ ಕೂತವರೂ ಚಾಚಿದರು. ಅವನ ಕೈಗೆ ಚೆಂಡು ತಾಗಿತು, ಆಟಗಾರನಿಗೆ ಸಿಗಲಿಲ್ಲ. ಆಮೇಲೆ ತಂಡ ತಾನಾಗಿಯೇ ಮುಗ್ಗರಿಸಿ ಎಂಟು ರನ್ ಬಿಟ್ಟುಕೊಟ್ಟಿತು. ಶಾಪವೆಲ್ಲ ಆ ಹುಡುಗನಿಗೆ. ಬಿಯರ್ ಎರಚಿದರು, ಕಾವಲಿನವರು ಅವನನ್ನು ಮರೆಮಾಡಿ ಕರೆದೊಯ್ಯಬೇಕಾಯಿತು, ಮನೆಗೆ ಪೊಲೀಸರು ಬೇಕಾಯಿತು. ರೇಡಿಯೋ ಆರಿಸಿ ಅಜ್ಜಿ ಹೇಳಿದ್ದು, ‘ಅವನ ತಾಯಿ ಇವತ್ತು ಮಲಗಲಾರಳು’ ಎಂದು. ಹುಡುಗನನ್ನು ಅಟ್ಟಾಡಿಸಿದವರನ್ನು ನಾನು ಅಭಿಮಾನಿಗಳೆಂದು ಕರೆಯಲಾರೆ. ತಂಡ 2017ರಲ್ಲಿ ಅವನಿಗೊಂದು ವಿಜಯದ ಉಂಗುರ ಕೊಟ್ಟು ಕೈತೊಳೆದುಕೊಂಡಿತು.

ಈಗ ನನ್ನ ಜಗಳದ ಮುಖ್ಯ ಭಾಗಕ್ಕೆ ಬರುತ್ತೇನೆ. 2016ರಲ್ಲಿ ನಮ್ಮ ತಂಡ ಕೊನೆಗೂ ಗೆಲ್ಲುವ ಹಾಗೆ ಕಾಣುತ್ತಿತ್ತು. ಆಟದ ಕೊನೆಯ ಇನ್ನಿಂಗ್ಸಿನಲ್ಲಿ ಮುನ್ನಡೆ ಕಾಯುವ ಒಬ್ಬ ಗಟ್ಟಿ ಬೌಲರ್ ಬೇಕಿತ್ತು. ಜುಲೈ 25ರಂದು ಯಾಂಕೀಸ್‌ನಿಂದ ಅರೋಲ್ಡಿಸ್ ಚಾಪ್ಮನ್‌ನನ್ನು ತಂದರು. ಗಂಟೆಗೆ ನೂರು ಮೈಲಿ ವೇಗದ ಚೆಂಡು. ಆದರೆ ಅದೇ ವರ್ಷದ ಆರಂಭದಲ್ಲಿ ಅವನು 30 ಆಟಗಳ ನಿಷೇಧ ಅನುಭವಿಸಿ ಬಂದವನು. ಜೊತೆಗಿದ್ದ ಹೆಣ್ಣಿನ ಕತ್ತು ಹಿಡಿದ, ಮನೆಯ ಗ್ಯಾರೇಜಿನಲ್ಲಿ ಗುಂಡು ಹಾರಿಸಿದ ಎಂಬ ದೂರು. ಕತ್ತು ಹಿಡಿದದ್ದನ್ನು ಅವನು ಅಲ್ಲಗಳೆದ. ಕೋರ್ಟಿನಲ್ಲಿ ಮೊಕದ್ದಮೆ ಆಗಲಿಲ್ಲ. ಆದರೆ ಬೇಸ್‌ಬಾಲ್ ಆಡಳಿತ ತನ್ನ ಹೊಸ ಗೃಹಹಿಂಸೆಯ ನಿಯಮದಡಿ ಮೊದಲ ಶಿಕ್ಷೆ ಕೊಟ್ಟದ್ದು ಅವನಿಗೇ.

ಆಗ ನಮಗೆ, ಅಂದರೆ ಹೆಣ್ಣು ಅಭಿಮಾನಿಗಳಿಗೆ, ಎರಡು ಉಪದೇಶ ಬಂದವು. ಒಂದು: ‘ಅದೆಲ್ಲ ಅವರವರ ಮನೆ ವಿಷಯ, ನೀವು ಆಟ ನೋಡಿ.’ ಎರಡು: ‘ಅಷ್ಟು ಕೋಪವಿದ್ದರೆ ತಂಡವನ್ನು ಬಿಟ್ಟುಬಿಡಿ.’ ಈ ಎರಡು ಮಾತುಗಳನ್ನು ನೀವು ಎಲ್ಲೋ ಕೇಳಿದ್ದೀರಿ ಅಲ್ಲವೇ? ಸಹಿಸಿಕೊಂಡು ಹೋಗಮ್ಮ, ಇಲ್ಲವೇ ಗಂಟುಮೂಟೆ ಕಟ್ಟಮ್ಮ. ಮನೆಯಲ್ಲಿ, ಆಫೀಸಿನಲ್ಲಿ, ದೇವಸ್ಥಾನದ ಕಮಿಟಿಯಲ್ಲಿ, ಎಲ್ಲೆಡೆ ನಮಗೆ ಬರುವ ಬುದ್ಧಿವಾದ ಇವೆರಡೇ. ಇಲ್ಲೇ ಇರುತ್ತೇನೆ, ಇದು ನನ್ನದೂ ಹೌದು, ಮತ್ತು ಲೆಕ್ಕ ಕೇಳುತ್ತೇನೆ ಎನ್ನುವ ಮೂರನೆಯ ದಾರಿಯನ್ನು ಯಾರೂ ತೋರಿಸುವುದಿಲ್ಲ.

ಶಿಕಾಗೊದ ಒಬ್ಬ ಹೆಣ್ಣುಮಗಳು ಅದನ್ನು ತಾನೇ ಕಂಡುಕೊಂಡಳು. ಚಾಪ್ಮನ್ ಒಂದೊಂದು ಆಟ ಕಾಯ್ದುಕೊಟ್ಟಾಗಲೂ, ಇಲ್ಲಿ ಅದಕ್ಕೆ ಸೇವ್ ಎನ್ನುತ್ತಾರೆ, ಹತ್ತು ಡಾಲರನ್ನು ಗೃಹಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಸಂಸ್ಥೆಗೆ ಕೊಡುತ್ತೇನೆ ಎಂದು ಸಾರಿದಳು. ನೋಡನೋಡುತ್ತಾ ನೂರಾರು ಜನ ಸೇರಿದರು. ನಾನೂ ಸೇರಿದೆ. ಕಾಫಿಪುಡಿಯ ಖಾಲಿ ಡಬ್ಬಿಗೆ ಹತ್ತು ಹತ್ತು ಹಾಕುತ್ತಾ ಹೋದೆ. ಲೀಗ್ ಆಟಗಳು ಮುಗಿದಾಗ ಅವನ ಸೇವ್‌ಗಳು 16, ಡಬ್ಬಿಯಲ್ಲಿ 160 ಡಾಲರ್. ನಮ್ಮವರೊಬ್ಬರು ನಕ್ಕರು, ‘ನೂರರವತ್ತು ಡಾಲರಿನಿಂದ ಪ್ರಪಂಚ ಬದಲಾಗುತ್ತದಾ?’ ಎಂದು. ಪ್ರಪಂಚ ಬದಲಿಸುವ ಗುತ್ತಿಗೆ ನಾನು ಹಿಡಿದಿಲ್ಲ. ಅವನು ಚೆಂಡೆಸೆದಾಗ ಬರೀ ಚಪ್ಪಾಳೆ ಬೀಳಬಾರದು, ಅದರ ಪಕ್ಕದಲ್ಲಿ ಒಂದು ಅಂಕಿಯೂ ಬೀಳಬೇಕು ಎಂದಷ್ಟೇ ನಮ್ಮ ಹಟ.

ನವೆಂಬರ್ 2ರ ರಾತ್ರಿ ಕ್ಲೀವ್ಲೆಂಡಿನಲ್ಲಿ ಕೊನೆಯ ಆಟ. ಎಂಟನೆಯ ಇನ್ನಿಂಗ್ಸಿನಲ್ಲಿ ಇದೇ ಚಾಪ್ಮನ್ ಹೋಮ್ ರನ್ ಹೊಡೆಸಿಕೊಂಡು ಆಟ 6-6ಕ್ಕೆ ಸಮವಾಯಿತು. ನೂರೆಂಟು ವರ್ಷದ ಕಥೆ ಮತ್ತೆ ಅಲ್ಲೇ ಬಂದು ನಿಂತಿತು ಎಂದುಕೊಂಡೆ. ಮಳೆ ಬಂತು, 17 ನಿಮಿಷ ಆಟ ನಿಂತಿತು. ಹತ್ತನೆಯ ಇನ್ನಿಂಗ್ಸಿನಲ್ಲಿ ಬೆನ್ ಜೋಬ್ರಿಸ್ಟ್ ಚೆಂಡನ್ನು ಎಡಗಡೆ ಅಂಚಿಗೆ ತಳ್ಳಿದ. 8-7. ಗೆದ್ದೆವು. ದಾಖಲೆಯಲ್ಲಿ ಗೆದ್ದ ಬೌಲರ್ ಎಂದು ಬರೆದಿರುವುದು ಚಾಪ್ಮನ್ ಹೆಸರನ್ನೇ. ನಾನು ಅತ್ತೆ, ಆನಂದದಿಂದಲೇ ಅತ್ತೆ. ನನ್ನ ಸಂತೋಷದಲ್ಲಿ ಕಲ್ಲು ಸಿಕ್ಕಿತ್ತು. ಅನ್ನ ಚೆಲ್ಲಲಿಲ್ಲ, ಕಲ್ಲನ್ನು ನುಂಗಲೂ ಇಲ್ಲ.

ಆ ವಾರ ರಿಗ್ಲಿ ಫೀಲ್ಡಿನ ಹೊರಗೋಡೆಯ ಮೇಲೆ ಜನ ಸೀಮೆಸುಣ್ಣದಿಂದ ಹೆಸರು ಬರೆಯತೊಡಗಿದರು. ಈ ದಿನ ನೋಡದೆ ಸತ್ತವರ ಹೆಸರುಗಳು. ಅಪ್ಪ, ಅಜ್ಜ, ಚಿಕ್ಕಮ್ಮ, ಮೇಷ್ಟರು. ಇಟ್ಟಿಗೆ ಇಟ್ಟಿಗೆಗೂ ಒಂದೊಂದು ಹೆಸರು. ಕೈಗೆಟುಕುವ ಜಾಗ ತುಂಬಿದ ಮೇಲೆ ಮಕ್ಕಳನ್ನು ಹೆಗಲೇರಿಸಿ ಮೇಲೆ ಬರೆಸಿದರು. ನಾನು ಕನ್ನಡದಲ್ಲಿ ಅಜ್ಜಿಯ ಹೆಸರು ಬರೆದೆ. ಪಕ್ಕದಲ್ಲಿ ಬರೆಯುತ್ತಿದ್ದ ಹೆಂಗಸು ಅದು ಯಾವ ಭಾಷೆ ಎಂದು ಕೇಳಿದಳು, ಹೇಳಿದೆ. ತನ್ನ ಸೀಮೆಸುಣ್ಣ ಸವೆದಿತ್ತು, ನನ್ನದನ್ನು ಅರ್ಧ ಮುರಿದು ಕೊಟ್ಟೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! 2018ರಲ್ಲಿ ಆ ಗೆದ್ದ ತಂಡದ ಮತ್ತೊಬ್ಬ ಆಟಗಾರ, ಆರನೆಯ ಆಟದಲ್ಲಿ ಒಂದೇ ಹೊಡೆತಕ್ಕೆ ನಾಲ್ಕು ರನ್ ತಂದಿದ್ದ ಆಡಿಸನ್ ರಸೆಲ್, ಬಿಟ್ಟುಹೋದ ಹೆಂಡತಿ ತನ್ನ ಅನುಭವ ಬರೆದು ಪ್ರಕಟಿಸಿದ ಮೇಲೆ, ಅದೇ ನಿಯಮದಡಿ 40 ಆಟಗಳ ನಿಷೇಧಕ್ಕೆ ಒಳಗಾದ. ತಂಡ ಅವನನ್ನು ಕೂಡಲೇ ಬಿಡಲಿಲ್ಲ. 2019ರ ಮೇ ತಿಂಗಳಲ್ಲಿ ಅವನು ಮರಳಿ ಬಂದ, ಅದೇ ಡಿಸೆಂಬರ್‌ನಲ್ಲಿ ಹೊಸ ಕರಾರು ಕೊಡದೆ ಕೈಬಿಟ್ಟರು.

ಆ ಮೇ ತಿಂಗಳಲ್ಲಿ ನಾನು ಮೈದಾನದಲ್ಲಿದ್ದೆ. ಅವನು ಬ್ಯಾಟು ಹಿಡಿದು ಬಂದಾಗ ಕೆಲವರು ಛೀಮಾರಿ ಹಾಕಿದರು, ಕೆಲವರು ಎದ್ದು ನಿಂತು ಕೈ ತಟ್ಟಿದರು. ನಾನು ಎರಡೂ ಮಾಡಲಿಲ್ಲ. ನನ್ನ ಪುಸ್ತಕದಲ್ಲಿ ಉಳಿದ ಎಂಟು ಸಾಲಿನಲ್ಲಿ ಹೆಸರುಗಳಿದ್ದವು. ಅವನ ಸಾಲಿನಲ್ಲಿ ಆಡುವ ಜಾಗದ ಅಂಕಿ ಮಾತ್ರ. ಬೇರೆಲ್ಲ ಲೆಕ್ಕ ಸರಿಯಾಗಿ ಬರೆದೆ, ಹೊಡೆದದ್ದು, ತಪ್ಪಿದ್ದು, ಓಡಿದ್ದು. ಹಿಂದಿನ ಸಾಲಿನಲ್ಲಿ ಕೂತಿದ್ದ ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ಬಗ್ಗಿ ನೋಡಿ, ಇಲ್ಲಿ ಹೆಸರು ಮರೆತಿದ್ದೀರಿ ಎಂದಳು. ಮರೆತಿಲ್ಲ ಎಂದೆ. ಯಾಕೆ ಎಂದು ಕೇಳಿದಳು. ಅವಳ ತಂದೆ ‘ಸುಮ್ಮನಿರು’ ಎನ್ನುವಷ್ಟರಲ್ಲಿ ತಾಯಿ ತಡೆದು, ‘ಅವರು ಹೇಳಲಿ, ನನಗೂ ಕೇಳಬೇಕು’ ಎಂದರು. ಇನ್ನಿಂಗ್ಸ್ ಮುಗಿಯಲು ಇನ್ನೂ ಒಂದು ಔಟು ಬಾಕಿಯಿತ್ತು. ಅದಾದ ಮೇಲೆ ಹೇಳುತ್ತೇನೆಂದು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡೆ.